ತಳ ನೋಡದೆ ಒಲೆ ಕೊಂಡರೆ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವು ಯಾವಾಗಲೂ ಕುಣಿಯುವವಳ ಮೇಲೆಯೇ ಪ್ರಯೋಗಿಸುತ್ತೇವೆ. ನೆಲವೇ ನಿಜವಾಗಿ ಡೊಂಕಾಗಿರುವ ಸಂದರ್ಭವೂ ಉಂಟೆಂಬುದನ್ನು ಗಾದೆ ಕಟ್ಟಿದವರು ಯೋಚಿಸಿದಂತೆ ಕಾಣುವುದಿಲ್ಲ. ವಿದ್ಯುತ್ ಒಲೆಯ ವಿಷಯದಲ್ಲಿ ಮೈಸೂರಿನ ಮನೆಮನೆಗಳಲ್ಲಿ ನಡೆಯುತ್ತಿರುವ ವಾದ ಈ ಬಗೆಯದು. "ಕರೆಂಟಿನ ಒಲೆಯಲ್ಲಿ ಅಡಿಗೆ ಆಗುವುದಿಲ್ಲ, ಆದರೂ ರುಚಿಯಾಗುವುದಿಲ್ಲ" ಎಂದು ಒಂದು ಪಕ್ಷದವರು ಹೇಳುತ್ತಾರೆ. "ಒಲೆ ಸರಿಯಾಗಿಯೇ ಇದೆ, ನಿಮ್ಮ ಮನೆಯ ಹೆಂಗಸರಿಗೆ ಅದನ್ನು ಬಳಸಲು ಬಾರದು" ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಇವರೂ ಒಲೆಯನ್ನು ನೋಡುತ್ತಾರೆ, ಅವರೂ ಒಲೆಯನ್ನು ನೋಡುತ್ತಾರೆ. ಒಲೆಯ ಮೇಲೆ ಕುಳಿತ ಪಾತ್ರೆಯನ್ನು ಕವುಚಿ ಹಾಕಿ ಅದರ ತಳವನ್ನು ನೋಡುವವರು ಕಡಿಮೆ. ಡೊಂಕು ಇರುವುದು ಅಲ್ಲಿ.

ನನ್ನ ವಾದ ಇಷ್ಟೆ. ಒಲೆಯನ್ನು ಬದಲಾಯಿಸಿರೆಂದು ಉಪದೇಶ ಮಾಡುವವರು, ಅವರು ಸರ್ಕಾರದವರಿರಲಿ, ಅಂಗಡಿಯವರಿರಲಿ, ಅಮೆರಿಕದಿಂದ ರಜೆಗೆ ಬಂದು ಅಮ್ಮನಿಗೊಂದು ಒಲೆ ಕೊಡಿಸಿ ಹೋಗುವ ಮಗನಿರಲಿ, ಪಾತ್ರೆಯ ಲೆಕ್ಕವನ್ನು ಮುಚ್ಚಿಟ್ಟು ಮಾತನಾಡುತ್ತಾರೆ. ಒಲೆಯ ಬೆಲೆಯನ್ನು ಕೊಳ್ಳುವವನು ಒಂದು ಸಲ ಕೊಡುತ್ತಾನೆ. ಪಾತ್ರೆಯ ಬೆಲೆಯನ್ನು ಬೇಯಿಸುವವಳು ದಿನಕ್ಕೆ ಮೂರು ಸಲ ಕೊಡುತ್ತಾಳೆ: ಸೀದ ಹಾಲಿನಲ್ಲಿ, ತಳ ಹಿಡಿದ ಹುಳಿಯಲ್ಲಿ, ಅಟ್ಟ ಸೇರಿದ ಅಮ್ಮನ ಕಾಲದ ತಪ್ಪಲೆಯಲ್ಲಿ. ಇದು ಸಣ್ಣ ವಿಷಯವೆಂದು ತೋರುವವರು ಒಂದು ವಾರ ಅಡಿಗೆಮನೆಯ ಯಜಮಾನಿಕೆ ವಹಿಸಿಕೊಂಡು ನೋಡಬಹುದು.

ವಿದ್ಯುತ್ ಒಲೆ ಮೈಸೂರಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1908ರಲ್ಲಿ ಮೈಸೂರು ನಗರದಲ್ಲಿ ದೀಪ ಹತ್ತಿತು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾಗಿ, 1960ರ ದಶಕದ ಮಧ್ಯದಲ್ಲಿ ಶರಾವತಿಯ ಶಕ್ತಿಯೂ ಸೇರಿಕೊಂಡ ಮೇಲೆ, ಮನೆಯಲ್ಲಿ ಎಲ್ಲವೂ ಕರೆಂಟಿನಿಂದಲೇ ನಡೆಯಲಿ ಎಂಬ ಉತ್ಸಾಹ ಬಂದಿತು. ಸರಸ್ವತಿಪುರ, ಜಯಲಕ್ಷ್ಮೀಪುರ, ಯಾದವಗಿರಿ ಮೊದಲಾದ ಬಡಾವಣೆಗಳ ಹಳಬರಿಗೆ "ಎ.ಇ.ಎಚ್." ಎಂಬ ಮೂರಕ್ಷರ ಇನ್ನೂ ನೆನಪಿರಬೇಕು. ಮನೆ ಬಾಡಿಗೆಗಿದೆ ಎನ್ನುವಾಗ ಆ ಮೂರಕ್ಷರವನ್ನೂ ಸೇರಿಸಿ ಹೇಳುತ್ತಿದ್ದರು; ಅದು ಮನೆಯ ಅಂತಸ್ತಿನ ಗುರುತು. ಅಡಿಗೆಮನೆಯ ಕಟ್ಟೆಯ ಮೇಲೆ ಸುರುಳಿಯ ಒಲೆ. ಜೇಡಿಮಣ್ಣನ್ನು ಸುಟ್ಟು ಮಾಡಿದ ಬಿಲ್ಲೆಯ ಕಾಲುವೆಗಳಲ್ಲಿ ನೈಕ್ರೋಮ್ ತಂತಿಯ ಸುರುಳಿ ಕೆಂಪಗೆ ಕಾಯುತ್ತಿತ್ತು. ಹಾಲು ಉಕ್ಕಿ ಬಿದ್ದರೆ ಸುರುಳಿ ತುಂಡಾಗುವುದು. ಮನೆಯ ಯಜಮಾನರು ತುಂಡಾದ ಎರಡು ಕೊನೆಗಳನ್ನು ಹೆಣೆದು ಮತ್ತೆ ಹಚ್ಚುವುದು. ಪಾತ್ರೆ ತಂತಿಗೆ ತಗುಲಿದರೆ ಕೈಗೆ ಶಾಕು. ಆದ್ದರಿಂದ ಮಣೆಯ ಮೇಲೆ ನಿಂತು ಅಡಿಗೆ. ಇಷ್ಟೆಲ್ಲ ಪೀಡೆಯಿದ್ದರೂ ಆ ಒಲೆಗೆ ಒಂದು ಸದ್ಗುಣವಿತ್ತು. ಅದು ಪಾತ್ರೆಯ ಕುಲಗೋತ್ರ ಕೇಳುತ್ತಿರಲಿಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ಸ್ಟೀಲು, ಯಾವುದಾದರೂ ಸರಿ. ತಳ ಮಾತ್ರ ಸಪಾಟಾಗಿರಲಿ ಎಂದಷ್ಟೇ ಅದರ ಕೋರಿಕೆ.

ಆ ಒಂದು ಕೋರಿಕೆಯೂ ನಮ್ಮ ಪಾತ್ರೆಗಳಿಗೆ ಕಷ್ಟದ್ದೇ ಆಗಿತ್ತು. ನಮ್ಮ ಕೊಳದಪ್ಪಲೆಯೂ ಬಾಣಲೆಯೂ ಸೌದೆಯ ಒಲೆಗಾಗಿ ಹುಟ್ಟಿದವು. ಸೌದೆಯ ಜ್ವಾಲೆ ಪಾತ್ರೆಯ ಹೊಟ್ಟೆಯನ್ನು ಸುತ್ತಿ ನೆಕ್ಕಿಕೊಂಡು ಮೇಲೇರುತ್ತದೆ; ಗುಂಡನೆಯ ತಳಕ್ಕೆ ಸುತ್ತಲೂ ಬಿಸಿ ತಗಲುತ್ತದೆ; ಒಲೆಯ ಮೂರು ಗುಂಡುಗಳ ನಡುವೆ ಗುಂಡುತಳವೇ ಭದ್ರವಾಗಿ ಕೂರುತ್ತದೆ. ಹೀಗೆ ನೂರಾರು ವರ್ಷ ಒಲೆಗೆ ತಕ್ಕ ಪಾತ್ರೆ ತಯಾರಾಗಿತ್ತು. ಆಮೇಲೆ ಬಂದ ಗ್ಯಾಸಿನ ಒಲೆಯೂ ಜ್ವಾಲೆಯದೇ ಆದುದರಿಂದ ಈ ಹೊಂದಿಕೆಯನ್ನು ಕೆಡಿಸಲಿಲ್ಲ. 1970ರ ದಶಕದ ವಿದ್ಯುತ್ ಅಭಾವದಲ್ಲಿ ಸುರುಳಿಯ ಒಲೆ ಮೂಲೆ ಸೇರಿ ಗ್ಯಾಸು ಕಟ್ಟೆಯೇರಿದಾಗ, ಗೃಹಿಣಿ ಒಂದು ಪಾತ್ರೆಯನ್ನೂ ಬದಲಾಯಿಸಬೇಕಾಗಲಿಲ್ಲ. ಆ ಬದಲಾವಣೆ ಅಷ್ಟು ಸುಗಮವಾಗಿ ನಡೆದದ್ದು ಇದರಿಂದ. ಈಗಿನದು ಹಾಗಲ್ಲ.

ಈಗಿನ ಇಂಡಕ್ಷನ್ ಒಲೆಯನ್ನು ಒಲೆ ಎನ್ನುವುದೇ ಒಂದು ಬಗೆಯ ಔಪಚಾರಿಕ ಮಾತು. ಅದರಲ್ಲಿ ಬೆಂಕಿಯಿಲ್ಲ, ಕಾದ ತಂತಿಯೂ ಇಲ್ಲ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದಿದ್ದು, ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲಕ್ಕೂ ಹೆಚ್ಚಾಗಿ ಹಿಂದುಮುಂದಾಗಿ ಹರಿಯುತ್ತದೆ. ಅದರಿಂದ ಎದ್ದ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುಳಿಪ್ರವಾಹವನ್ನು ಹುಟ್ಟಿಸುತ್ತದೆ. ತಳ ಕಬ್ಬಿಣದ್ದಾದರೆ ಆ ಪ್ರವಾಹ ಅದರ ತೆಳುವಾದ ಹೊರಪದರದಲ್ಲೇ ಇಕ್ಕಟ್ಟಾಗಿ ಹರಿದು, ತಡೆ ಅನುಭವಿಸಿ, ಬಿಸಿಯಾಗಿ ಮಾರ್ಪಡುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಲೋಹಗಳಲ್ಲಿ ಅದು ಸಲೀಸಾಗಿ ಹರಿದುಬಿಡುವುದರಿಂದ ಸಾಕಷ್ಟು ಬಿಸಿ ಹುಟ್ಟುವುದಿಲ್ಲ; ಒಲೆ ಕುಂಯ್‌ಗುಟ್ಟಿ ತಾನಾಗಿ ಆರಿಹೋಗುತ್ತದೆ. ಎಂದರೆ, ಇಲ್ಲಿ ನಿಜವಾದ ಒಲೆ ಪಾತ್ರೆಯ ತಳವೇ. ಗಾಜಿನ ಪೆಟ್ಟಿಗೆ ಅರ್ಧ ಒಲೆ. ಉಳಿದರ್ಧ ನಿಮ್ಮ ಮನೆಯಲ್ಲಿರಬೇಕು. ಅಂಗಡಿಯವನು ಅರ್ಧ ಒಲೆಯನ್ನು ಪೂರ್ಣ ಒಲೆಯೆಂದು ಮಾರುತ್ತಾನೆ. ಇದು ಮೋಸವಲ್ಲವಾದರೆ ಅಜ್ಞಾನ. ಕೊಂಡವರ ಮನೆಯಲ್ಲಿ ಇವೆರಡರ ಪರಿಣಾಮವೂ ಒಂದೇ.

ಆ ಉಳಿದರ್ಧ ನಮ್ಮ ಮನೆಗಳಲ್ಲಿ ಏಕಿಲ್ಲ ಎಂಬುದಕ್ಕೆ ಒಂದು ತಮಾಷೆಯ ಕಾರಣವೂ ಇದೆ. ಹಿಂದೆ ಸ್ಟೀಲು ಪಾತ್ರೆ ಕೊಳ್ಳಲು ಶಿವರಾಂಪೇಟೆಗೋ ದೇವರಾಜ ಮಾರುಕಟ್ಟೆಯ ಕಡೆಗೋ ಹೊರಟ ಜಾಣೆಯರು ಕೈಚೀಲದಲ್ಲಿ ಒಂದು ಚೂರು ಅಯಸ್ಕಾಂತವನ್ನು ಇಟ್ಟುಕೊಂಡು ಹೋಗುತ್ತಿದ್ದರು. ಅಯಸ್ಕಾಂತ ಅಂಟಿದರೆ ಅದು ಕೀಳು ಸ್ಟೀಲು, ಅಂಟದಿದ್ದರೆ ಮೇಲಾದ ಸ್ಟೀಲು ಎಂಬುದು ಅವರ ಪರೀಕ್ಷೆ. ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕಲ್ ಬೆರೆತ ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲವೆಂಬುದೂ ನಿಜವೇ. ಹೀಗೆ ದಶಕಗಟ್ಟಲೆ ಆರಿಸಿ ಆರಿಸಿ ಅಂಟದ ಪಾತ್ರೆಗಳನ್ನೇ ಮನೆ ತುಂಬಿಸಿಕೊಂಡೆವು. ಈಗ ಇಂಡಕ್ಷನ್ ಒಲೆ ಬಂದು, ಅಂಟುವ ತಳವೇ ತನಗೆ ಬೇಕೆನ್ನುತ್ತದೆ. ಯಾವ ಮನೆಯ ಗೃಹಿಣಿ ಹೆಚ್ಚು ಎಚ್ಚರದಿಂದ ಪಾತ್ರೆ ಕೊಂಡಿದ್ದಳೋ ಆ ಮನೆಗೇ ಹೆಚ್ಚು ನಷ್ಟ. ಹಳೆಯ ಪರೀಕ್ಷೆ ತಲೆಕೆಳಗಾಯಿತೆಂದು ಅವಳಿಗೆ ತಿಳಿಸುವ ಹೊಣೆಯನ್ನು ಯಾರೂ ಹೊತ್ತುಕೊಳ್ಳಲಿಲ್ಲ.

ಒಂದು ಸಾಧಾರಣ ಮೈಸೂರು ಮನೆಯ ಅಡಿಗೆ ಪಾತ್ರೆಗಳನ್ನೇ ಎಣಿಸಿ ನೋಡೋಣ. ಅನ್ನಕ್ಕೂ ಪಾಯಸಕ್ಕೂ ಕಲಾಯಿ ಹಾಕಿದ ಹಿತ್ತಾಳೆಯ ತಪ್ಪಲೆ. ಇಂಡಕ್ಷನ್ ಒಲೆ ಇದನ್ನು ಒಪ್ಪುವುದಿಲ್ಲ. ಸಾರಿಗೆ ಈಯದ ಚೊಂಬು, ಇದನ್ನೂ ಒಪ್ಪುವುದಿಲ್ಲ. ಗೊಜ್ಜಿಗೆ ಬಳಪದ ಕಲ್ಲಿನ ಮರಿಗೆ. ಇದು ಲೋಹವೇ ಅಲ್ಲ. ಅಲ್ಯೂಮಿನಿಯಮ್ಮಿನ ಹಳೆಯ ಕುಕ್ಕರು. ತಳಕ್ಕೆ ಕಾಂತಗುಣದ ಸ್ಟೀಲು ಕೂರಿಸಿದ್ದಲ್ಲದಿದ್ದರೆ ಇದೂ ನಿಷ್ಪ್ರಯೋಜಕ. ಒಗ್ಗರಣೆಯ ಸೌಟು ಕಬ್ಬಿಣದ್ದೇ ಆದರೂ ಅಂಗೈಗಿಂತ ಚಿಕ್ಕದು; ತಳ ಹತ್ತು ಹನ್ನೆರಡು ಸೆಂಟಿಮೀಟರಿಗಿಂತ ಕಿರಿದಾದರೆ ಅನೇಕ ಒಲೆಗಳು ಪಾತ್ರೆಯಿದೆಯೆಂದೇ ಗುರುತಿಸುವುದಿಲ್ಲ. ಕೊನೆಗೆ ಉಳಿಯುವುದು ಬೀಡುಕಬ್ಬಿಣದ ದೋಸೆಕಾವಲಿ. ಎಲ್ಲರಿಗಿಂತ ಹಳಬಳಾದ ಆ ಕಪ್ಪು ಕಾವಲಿಯೊಂದೇ ಹೊಸ ಒಲೆಗೆ ತಕ್ಷಣ ಹೊಂದಿಕೊಳ್ಳುವುದು ಒಂದು ಸೋಜಿಗ.

ಪಾತ್ರೆಯ ಕಥೆ ಹೀಗಾದರೆ ಅಡಿಗೆಯ ಕ್ರಮದ ಕಥೆ ಬೇರೆ. ನಮ್ಮ ಕಡೆಯ ಅಕ್ಕಿರೊಟ್ಟಿಯನ್ನು ತಣ್ಣಗಿನ ಬಾಣಲೆಯ ಒಳಮೈಗೆ ತಟ್ಟಿ, ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸುವುದು ವಾಡಿಕೆ. ರೊಟ್ಟಿಯ ಅಂಚು ಬಾಣಲೆಯ ಇಳಿಜಾರಿನಲ್ಲಿ ಗರಿಗರಿಯಾಗುತ್ತದೆ. ಇಂಡಕ್ಷನ್ ಒಲೆಯ ಮೇಲೆ ಈ ಗುಂಡುಬಾಣಲೆ ನಿಲ್ಲುವುದೂ ಇಲ್ಲ; ನಿಂತರೂ ನಡುವೆ ಸೀದು, ಅಂಚು ಹಸಿಯಾಗುಳಿಯುತ್ತದೆ. ರಾಗಿಮುದ್ದೆಯದು ಇನ್ನೊಂದು ಫಜೀತಿ. ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ತೊಳಸುವ ಬಲಕ್ಕೆ ನುಣುಪು ಗಾಜಿನ ಮೇಲೆ ಪಾತ್ರೆ ಬುಗುರಿಯಂತೆ ತಿರುಗುತ್ತದೆ. ಜೋರು ಮಾಡಿದರೆ ಗಾಜಿಗೇ ಅಪಾಯ. ಪಾತ್ರೆಯನ್ನು ನೆಲಕ್ಕಿಳಿಸಿ ತೊಳಸಿದರಾಯಿತು, ಸರಿ. ಈರನಗೆರೆ ಬದನೆಕಾಯನ್ನು ಸುಟ್ಟು ಗೊಜ್ಜು ಮಾಡಬೇಕೆಂದರೆ ಕೆಂಡವೋ ಜ್ವಾಲೆಯೋ ಬೇಕೇ ಬೇಕು. ಇವೆಲ್ಲ ಪರಿಹಾರವಿಲ್ಲದ ಸಮಸ್ಯೆಗಳೆಂದು ನಾನು ಹೇಳುತ್ತಿಲ್ಲ. ಸಮಸ್ಯೆಯೇ ಇಲ್ಲವೆಂದು ಹೇಳಿ ಒಲೆ ಮಾರುವವರೊಡನೆ ನನ್ನ ಜಗಳ.

ಹಾಗಾದರೆ ಹಣವಾದರೂ ಉಳಿಯುವುದೇ? ಈ ಲೆಕ್ಕವನ್ನು ಉತ್ಸಾಹಿಗಳು ಒಂದು ಬಗೆಯಾಗಿ, ವಿರೋಧಿಗಳು ಇನ್ನೊಂದು ಬಗೆಯಾಗಿ ಹೇಳುವುದರಿಂದ ಇಲ್ಲಿಯೇ ಮಾಡಿಬಿಡೋಣ. 14.2 ಕಿಲೋ ಗ್ಯಾಸಿನ ಒಂದು ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ. ಗ್ಯಾಸಿನ ಒಲೆ ನೂರಕ್ಕೆ 68 ಪಾಲನ್ನಾದರೂ ಪಾತ್ರೆಗೆ ಸೇರಿಸಬೇಕೆಂದು ನಮ್ಮ ದೇಶದ ಮಾನಕ ಕೇಳುತ್ತದೆ. ಮನೆಯ ಬಳಕೆಯಲ್ಲಿ ಅದನ್ನು 65 ಎಂದಿಟ್ಟುಕೊಳ್ಳಿ. ತಕ್ಕ ಪಾತ್ರೆಯಿದ್ದರೆ ಇಂಡಕ್ಷನ್ ಒಲೆ 85 ಪಾಲನ್ನು ಸೇರಿಸುತ್ತದೆ. ಈ ಪ್ರಕಾರ ಒಂದು ಸಿಲಿಂಡರಿನ ಕೆಲಸವನ್ನು ಸುಮಾರು 140 ಯೂನಿಟ್ಟಿನಲ್ಲಿ ಮಾಡಬಹುದು. 2025ರಲ್ಲಿ ಸಿಲಿಂಡರಿನ ಬೆಲೆ ಎಂಟುನೂರೈವತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ಗೃಹಬಳಕೆಯ ವಿದ್ಯುತ್ ದರ ತೆರಿಗೆ ಬಿಟ್ಟು ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನಲ್ಲಿತ್ತು. 140ನ್ನು ಆರರಿಂದ ಗುಣಿಸಿದರೆ 840. ಎರಡೂ ಹತ್ತಿರ ಹತ್ತಿರ ಸಮ. ಅಂದಮೇಲೆ ಇಂಧನದಲ್ಲಿ ದೊಡ್ಡ ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ. ನಷ್ಟವಾಗುವುದಿದ್ದರೆ ಪಾತ್ರೆಯಲ್ಲಿ. 85 ಎಂಬ ಆ ಅಂಕಿಯೇ ಪಾತ್ರೆಯ ತಳವನ್ನು ನಂಬಿ ನಿಂತಿದೆ.

ಇನ್ನು ಉಚಿತ ವಿದ್ಯುತ್ತಿನ ಮಾತು. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದಾಗಿ, "ಇನ್ನೂರು ಯೂನಿಟ್ ಪುಕ್ಕಟೆ, ಕರೆಂಟಿನಲ್ಲೇ ಅಡಿಗೆ ಮಾಡಿದರೆ ಗ್ಯಾಸಿನ ಖರ್ಚೇ ಇಲ್ಲ" ಎಂದು ಹೇಳುವವರನ್ನು ಕಾಣುತ್ತೇವೆ. ಯೋಜನೆ ಹಾಗಿಲ್ಲ. ಒಂದು ಮನೆಗೆ ಸಿಕ್ಕುವ ಉಚಿತ ಪಾಲು 2022-23ರ ಸರಾಸರಿ ಬಳಕೆಗೆ ಹತ್ತು ಪ್ರತಿಶತ ಸೇರಿಸಿದಷ್ಟು. ತೀರ ಕಡಿಮೆ ಬಳಸುವವರಿಗೆ 2024ರಲ್ಲಿ ಹತ್ತು ಪ್ರತಿಶತದ ಬದಲು ಹತ್ತು ಯೂನಿಟ್ ಎಂದು ಮಾಡಿದರು. ಆ ವರ್ಷ ಗ್ಯಾಸಿನಲ್ಲಿ ಅಡಿಗೆ ಮಾಡಿಕೊಂಡು ತಿಂಗಳಿಗೆ 90 ಯೂನಿಟ್ ಬಳಸಿದ ಮನೆಯನ್ನು ತೆಗೆದುಕೊಳ್ಳಿ. ಅದರ ಉಚಿತ ಪಾಲು 99. ಒಂದೂವರೆ ತಿಂಗಳಿಗೊಂದು ಸಿಲಿಂಡರು ಸುಡುತ್ತಿದ್ದ ಆ ಮನೆ ಪೂರ್ತಿಯಾಗಿ ಇಂಡಕ್ಷನ್ನಿಗೆ ಬಂದರೆ ತಿಂಗಳಿಗೆ 93 ಯೂನಿಟ್ ಹೆಚ್ಚಾಗಿ ಒಟ್ಟು 183 ಆಗುತ್ತದೆ. ಮೇಲಿನ 84 ಯೂನಿಟ್ಟಿಗೆ ಹಣ ಕೊಡಬೇಕು. ಬೇಸಿಗೆಯಲ್ಲಿ ಫ್ಯಾನು ತಿರುಗಿ, ಮನೆಗೆ ನೆಂಟರು ಬಂದು, ಲೆಕ್ಕ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಬಡವರಿಗೆ ನೆರವಾದ ಯೋಜನೆಯನ್ನು ನಾನು ಹಳಿಯುತ್ತಿಲ್ಲ. ಒಂದು ಕೈಯಲ್ಲಿ ವಿದ್ಯುತ್ ಅಡಿಗೆಯನ್ನು ಹೊಗಳುತ್ತಾ, ಇನ್ನೊಂದು ಕೈಯಲ್ಲಿ ಹಳೆಯ ಬಳಕೆಗೆ ಗೆರೆ ಎಳೆದಿಡುವ ನೀತಿಯಲ್ಲಿ ಅಡಿಗೆಮನೆಯನ್ನು ಯಾರೂ ಎಣಿಸಲಿಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ದಕ್ಷಿಣ ಅಮೆರಿಕದ ಈಕ್ವೆಡಾರ್ ಎಂಬ ಪುಟ್ಟ ದೇಶ ಇದನ್ನು ಎಣಿಸಿತ್ತು. ಅಲ್ಲಿ 2014ರಲ್ಲಿ ಮೂವತ್ತು ಲಕ್ಷ ಮನೆಗಳನ್ನು ಗ್ಯಾಸಿನಿಂದ ಇಂಡಕ್ಷನ್ ಒಲೆಗೆ ತರುವ ಯೋಜನೆ ಹೊರಟಿತು. ಒಲೆಯೊಡನೆ ತಕ್ಕ ಪಾತ್ರೆಗಳನ್ನೂ ಯೋಜನೆಯಲ್ಲಿ ಸೇರಿಸಿದರು; ಅಡಿಗೆಗೆಂದೇ ತಿಂಗಳಿಗೆ 80 ಯೂನಿಟ್ ವಿದ್ಯುತ್ತನ್ನು ಉಚಿತವಾಗಿ ಬಿಟ್ಟರು. ಇಷ್ಟಾಗಿಯೂ ಗುರಿ ಬಹು ದೂರವೇ ಉಳಿಯಿತು. ಪಾತ್ರೆಯನ್ನು ಲೆಕ್ಕಕ್ಕೆ ಹಿಡಿದ ದೇಶದಲ್ಲೇ ಇಷ್ಟು ಕಷ್ಟವಾದರೆ, ಹಿಡಿಯದವರ ಗತಿಯೇನು? ನಮ್ಮಲ್ಲಿಯೂ 2023ರಲ್ಲಿ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಇಪ್ಪತ್ತು ಲಕ್ಷ ಇಂಡಕ್ಷನ್ ಒಲೆಗಳನ್ನು ಹಂಚುವ ಕಾರ್ಯಕ್ರಮವನ್ನು ಘೋಷಿಸಿತು. ದೇಶಕ್ಕೆ ಬೇಕಾದ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿರುವಾಗ ಈ ಉದ್ದೇಶ ಸಾಧುವಾದದ್ದೇ. ಇಪ್ಪತ್ತು ಲಕ್ಷ ಒಲೆಯೆಂದು ಎಣಿಸುವವರು ಆ ಒಲೆಗಳ ಮೇಲೆ ಕೂರಬೇಕಾದ ಪಾತ್ರೆಗಳ ಸಂಖ್ಯೆಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಲಿ ಎಂಬುದು ನಮ್ಮ ಬೇಡಿಕೆ.

ಈಗ ವಿರೋಧ ಪಕ್ಷದವರ ಕಡೆ ತಿರುಗೋಣ. "ಬೆಂಕಿಯ ರುಚಿಯೇ ಬೇರೆ" ಎಂದು ನಿಟ್ಟುಸಿರು ಬಿಡುವ ಮಹನೀಯರು ಬಹುಮಟ್ಟಿಗೆ ಉಣ್ಣುವವರು, ಊದುವವರಲ್ಲ. ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಊದುಕೊಳವೆ ಹಿಡಿದಿದ್ದವರು ಈ ಪದ್ಯವನ್ನು ಹಾಡುವುದಿಲ್ಲ. ಸಾರು ಕುದಿಯುವುದು ನೂರು ಡಿಗ್ರಿಯ ಸುತ್ತಮುತ್ತಲಲ್ಲಿ. ಆ ಬಿಸಿ ಸೌದೆಯಿಂದ ಬಂತೋ ಗಾಜಿನ ಕೆಳಗಿನ ಸುರುಳಿಯಿಂದ ಬಂತೋ ತೊಗರಿಬೇಳೆಗೆ ತಿಳಿಯದು. ಸುಟ್ಟ ಬದನೆಕಾಯಿಯ ಹೊಗೆವಾಸನೆ, ಕೆಂಡದ ಮೇಲೆ ಉಬ್ಬಿದ ರೊಟ್ಟಿಯ ವಾಸನೆ ನಿಜವಾಗಿಯೂ ಬೆಂಕಿಯವು, ಅಷ್ಟನ್ನು ಒಪ್ಪೋಣ. ಉಳಿದ ದೂರುಗಳನ್ನು ಬಿಡಿಸಿ ನೋಡಿದರೆ ಪಾತ್ರೆಯ ದೂರುಗಳೇ. "ಕರೆಂಟಿನಲ್ಲಿ ಹಾಲು ಸೀಯುತ್ತದೆ" ಎನ್ನುತ್ತಾರೆ. ಪಾತ್ರೆಯನ್ನು ತೊಳೆಯುವಾಗ ನೋಡಿದರೆ ಸೀದ ಗುರುತು ಬಳೆಯ ಆಕಾರದಲ್ಲಿರುತ್ತದೆ. ಗಾಜಿನ ಕೆಳಗಿನ ಸುರುಳಿಯೂ ಬಳೆಯ ಆಕಾರದ್ದೇ. ತೆಳುವಾದ ಸ್ಟೀಲು ಆ ಬಳೆಯ ಬಿಸಿಯನ್ನು ಅಕ್ಕಪಕ್ಕಕ್ಕೆ ಹರಡಲಾರದು. ಶಾಖವನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಂ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ, ತಾಮ್ರ ಇಪ್ಪತ್ತು ಪಟ್ಟಿಗೂ ಮಿಗಿಲು. ಅದರ ಮೇಲೆ, ಅಗ್ಗದ ಒಲೆಗಳು ಸಣ್ಣ ಉರಿ ಎಂಬುದನ್ನು ಅರಿಯವು; ಕೆಲವು ಸೆಕೆಂಡು ಜೋರಾಗಿ ಉರಿದು ಕೆಲವು ಸೆಕೆಂಡು ಆರುವುದೇ ಅವುಗಳ ಸಣ್ಣ ಉರಿ. ದಪ್ಪ ತಳವಿದ್ದರೆ ಈ ಏರಿಳಿತವನ್ನು ತಾನು ನುಂಗಿ ಹಾಲಿಗೆ ಸಮನಾದ ಬಿಸಿ ಕೊಡುತ್ತದೆ. ದೂರು ಹೇಳಬೇಕಾದದ್ದು ತೆಳುತಳದ ಮೇಲೆ.

ಅಂಗಡಿಯವರು ಹೇಳಿಕೊಡುವ ಎರಡು ಪರಿಹಾರಗಳನ್ನೂ ಇಲ್ಲಿಯೇ ವಿಚಾರಿಸಬೇಕು. ಮೊದಲನೆಯದು, ಹಳೆಯ ಪಾತ್ರೆಯ ಕೆಳಗೆ ಒಂದು ಕಬ್ಬಿಣದ ಬಿಲ್ಲೆಯನ್ನಿಡುವುದು. ಬಿಲ್ಲೆ ಕಾದು, ಅದರಿಂದ ಪಾತ್ರೆ ಕಾದು, ಅದರಿಂದ ಅಡಿಗೆಯಾಗಬೇಕು. ಹೊಸ ಒಲೆಯ ದಕ್ಷತೆಯೆಲ್ಲ ಈ ದಲ್ಲಾಳಿಯ ಕೈಯಲ್ಲಿ ಸೋರಿಹೋಗುತ್ತದೆ. ಬಿಲ್ಲೆ ಅತಿಯಾಗಿ ಕಾದು ಗಾಜಿಗೂ ಕೇಡು. ಎರಡನೆಯದು, ಹಿತ್ತಾಳೆ ತಾಮ್ರಗಳನ್ನೆಲ್ಲ ತೂಕಕ್ಕೆ ಹಾಕಿ ಹೊಸ ಸೆಟ್ಟು ಕೊಳ್ಳುವುದು. ಇದನ್ನು ಕೇಳಿದರೆ ಮೈ ಉರಿಯುತ್ತದೆ. ಒಂದು ಮದುವೆಯ ನೆನಪು, ಒಬ್ಬ ಅಜ್ಜಿಯ ಹೆಸರಿನ ಮೊದಲಕ್ಷರ ಕೊರೆದಿರುವ ತಪ್ಪಲೆ ಗುಜರಿಯ ತಕ್ಕಡಿಯಲ್ಲಿ ಬರಿಯ ಲೋಹವಾಗುತ್ತದೆ. ಭಾವನೆಯನ್ನು ಬದಿಗಿಟ್ಟು ನೋಡಿದರೂ ಇದು ದಡ್ಡತನ. ಶಾಖ ಸಾಗಿಸುವುದರಲ್ಲಿ ಹಿತ್ತಾಳೆ ಸ್ಟೀಲಿಗಿಂತ ಎಷ್ಟೋ ಮೇಲು, ದಪ್ಪವೂ ಹೆಚ್ಚು. ಒಳ್ಳೆಯ ಪಾತ್ರೆಯನ್ನು ಕೊಟ್ಟು ಕೆಟ್ಟದ್ದನ್ನು ತರುವುದಕ್ಕೆ ಮೇಲೆ ಹಣವನ್ನೂ ಕೊಡಬೇಕೆ?

ಹಾಗಾದರೆ ಮಾಡಬೇಕಾದದ್ದೇನು? ಒಲೆ ಕೊಳ್ಳುವ ಮುನ್ನ ಮನೆಯ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಕವುಚಿ ಹಾಕಿ, ಒಂದೊಂದರ ತಳಕ್ಕೂ ಅಯಸ್ಕಾಂತ ಹಿಡಿದು ನೋಡುವುದು. ಒಡಲಿಗಲ್ಲ, ತಳಕ್ಕೆ. ಗಟ್ಟಿಯಾಗಿ ಅಂಟಿದವು ಒಂದು ಕಡೆ, ಅಂಟದವು ಒಂದು ಕಡೆ. ಅಂಟಿದವುಗಳ ತಳಕ್ಕೆ ನೇರವಾದ ಅಡ್ಡಪಟ್ಟಿಯೊಂದನ್ನು ಇಟ್ಟು ಬೆಳಕಿಗೆ ಹಿಡಿದರೆ ಡೊಂಕು ತಾನೇ ಕಾಣುತ್ತದೆ. ಒಲೆಯ ಉಷ್ಣಮಾಪಕ ಗಾಜಿನ ಅಡಿಯಲ್ಲಿರುತ್ತದೆ. ತಳ ಉಬ್ಬಿ ಗಾಜಿನಿಂದ ದೂರ ನಿಂತರೆ ಅದು ಪಾತ್ರೆಯ ಬಿಸಿಯನ್ನು ತಪ್ಪಾಗಿ ತಿಳಿಯುತ್ತದೆ. ಮನೆಯಲ್ಲಿ ಅಂಟದವೇ ಹೆಚ್ಚಾಗಿದ್ದು, ಅವುಗಳ ತಳ ಸಪಾಟಾಗಿದ್ದರೆ, ಅಂಥವರು ಇಂಡಕ್ಷನ್ ಒಲೆಯನ್ನು ಕೊಳ್ಳಲೇಬೇಕೆಂದೇನಿಲ್ಲ. ಗಾಜಿನ ಕೆಳಗೆ ತಂತಿಯೇ ಕಾಯುವ ಇನ್‌ಫ್ರಾರೆಡ್ ಒಲೆ ಎಂಬುದೊಂದಿದೆ, ಅದು ಎ.ಇ.ಎಚ್. ಕಾಲದ ಸುರುಳಿಯೊಲೆಯ ಮೊಮ್ಮಗ, ಅಜ್ಜನಂತೆಯೇ ಕುಲ ಕೇಳುವುದಿಲ್ಲ. ವಿದ್ಯುತ್ತು ಕೊಂಚ ಹೆಚ್ಚು ಬೇಕು. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ, ಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕು. ಈಯ ಕರಗುವುದು 232 ಡಿಗ್ರಿಯಲ್ಲಿ. ಆದ್ದರಿಂದ ಈಯದ ಚೊಂಬನ್ನೂ ಕಲಾಯಿಯ ಪಾತ್ರೆಯನ್ನೂ ನೀರಿಲ್ಲದೆ ಅದರ ಮೇಲಿಡಕೂಡದು.

ಇಂಡಕ್ಷನ್ನೇ ಬೇಕೆನ್ನುವವರು ಹತ್ತು ತೆಳು ಪಾತ್ರೆಗಳ ಸೆಟ್ಟನ್ನು ಬಿಟ್ಟು ಮೂರು ಒಳ್ಳೆಯ ಪಾತ್ರೆಗಳನ್ನು ಕೊಳ್ಳಲಿ: ಒಳಗೊಂದು ಹೊರಗೊಂದು ಸ್ಟೀಲು, ನಡುವೆ ಅಲ್ಯೂಮಿನಿಯಂ ಇರುವ ಮೂರು ಪದರದ ತಪ್ಪಲೆ, ತಳಕ್ಕೆ ಕಾಂತಗುಣದ ಸ್ಟೀಲು ಕೂರಿಸಿದ ಕುಕ್ಕರು, ಚಪ್ಪಟೆ ತಳದ ಕಬ್ಬಿಣದ ಬಾಣಲೆ. ಕಾವಲಿ ಮನೆಯಲ್ಲೇ ಇದೆ. ಅದನ್ನು ಗಾಜಿನ ಮೇಲೆ ಎಳೆಯದೆ ಎತ್ತಿಡಬೇಕು. ಮೊದಲಿಗೇ ಜೋರು ಉರಿ ಕೊಡದೆ ನಿಧಾನವಾಗಿ ಕಾಯಿಸಬೇಕು. ಹುಣಿಸೆಹಣ್ಣಿನ ಹುಳಿಯನ್ನು ಕಬ್ಬಿಣದಲ್ಲಿ ಕುದಿಸಿದರೆ ಕಪ್ಪಾಗುವುದು ಯಾವ ಒಲೆಯ ಮೇಲಾದರೂ ಒಂದೇ. ಗೋಡೆಯ ಕಡೆಗೂ ಒಮ್ಮೆ ನೋಡಬೇಕು. 2000 ವ್ಯಾಟಿನ ಒಲೆ ಒಂಬತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಅಗ್ರಹಾರದ, ಲಕ್ಷ್ಮೀಪುರದ ಹಳೆಯ ಮನೆಗಳ ತಂತಿಗೆ ಈ ಭಾರ ಹೊರುವ ಶಕ್ತಿಯಿದೆಯೇ, ಭೂಸಂಪರ್ಕ ಸರಿಯಾಗಿದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸದೆ ಒಲೆ ಹಚ್ಚುವುದು ಅಪಾಯ.

ಆದರೆ ಎಲ್ಲವನ್ನೂ ಗೃಹಿಣಿಯ ಜಾಣತನಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸ್ಟೀಲು ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವೆಂದು 2024ರಲ್ಲಿ ಕೇಂದ್ರ ಸರ್ಕಾರ ಆಜ್ಞೆ ಹೊರಡಿಸಿತು. ಒಳ್ಳೆಯದಾಯಿತು. ಆದರೆ ಮುದ್ರೆಯನ್ನು ನೋಡಿದ ಮಾತ್ರಕ್ಕೆ ಈ ಪಾತ್ರೆ ಈ ಒಲೆಗೆ ಆಗುವುದೆಂದು ತಿಳಿಯುವುದಿಲ್ಲ. ಪ್ರತಿಯೊಂದು ಅಡಿಗೆ ಪಾತ್ರೆಯ ತಳದಲ್ಲಿಯೂ ಮೂರು ಸಂಗತಿಗಳು ಕನ್ನಡದಲ್ಲಿ ಅಚ್ಚಾಗಿರಲಿ: ಯಾವ ಲೋಹ, ತಳದ ದಪ್ಪ ಎಷ್ಟು, ಬಿಸಿಯಾಗುವ ಭಾಗದ ಅಗಲ ಎಷ್ಟು. ಒಲೆಯ ಪೆಟ್ಟಿಗೆಯ ಮೇಲೆ, ಯಾವ ಪಾತ್ರೆಗಳು ಇದಕ್ಕೆ ಆಗುವುದಿಲ್ಲವೆಂಬ ಪಟ್ಟಿ ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿರಲಿ. ನಮ್ಮ ಊರಿಗೆ ಈ ವಿಷಯದಲ್ಲಿ ಬೇರೆಯವರ ಮುಖ ನೋಡುವ ಅಗತ್ಯವೂ ಇಲ್ಲ. ಚೆಲುವಾಂಬ ಮಹಲಿನಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. 1946ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಅಕ್ಕಿರೊಟ್ಟಿಗೂ ಮುದ್ದೆಗೂ ಒಗ್ಗುವ, ವಿದ್ಯುತ್ ಒಲೆಯ ಮೇಲೆ ಜಾರದೆ ಕೂರುವ, ನಡುವೆಯೂ ಅಂಚಿಗೂ ಸಮನಾಗಿ ಕಾಯುವ ಪಾತ್ರೆಯೊಂದನ್ನು ರೂಪಿಸಿ ಇಲ್ಲಿನ ಕಂಚುಗಾರರ ಕೈಗೆ ಕೊಟ್ಟರೆ, ಬರಿಯ ಪ್ರಬಂಧಗಳಿಂದ ಸಿಕ್ಕದ ಕೃತಜ್ಞತೆ ಅವರಿಗೆ ಸಿಕ್ಕೀತು. ನಗರಕ್ಕೆ ವಿದ್ಯುತ್ ಪೂರೈಸುವ ನಿಗಮವೂ ಬಿಲ್ಲಿನ ಹಿಂಬದಿಯ ಖಾಲಿ ಜಾಗದಲ್ಲಿ ಪಾತ್ರೆಯ ಬಗ್ಗೆ ನಾಲ್ಕು ಸಾಲು ಅಚ್ಚು ಹಾಕಿಸಬಹುದು.

ಇದಾವುದೂ ಆಗುವ ತನಕ ಗೃಹಿಣಿಯರಿಗೆ ಒಂದೇ ಮಾತು. ಅಂಗಡಿಯಲ್ಲಿ ಒಲೆಯನ್ನು ತೋರಿಸುವವನು ಗಾಜಿನ ಮೇಲೆ ತನ್ನದೇ ಪಾತ್ರೆಯಿಟ್ಟು ಎರಡು ನಿಮಿಷದಲ್ಲಿ ನೀರು ಕುದಿಸಿ ಬೆರಗುಗೊಳಿಸುತ್ತಾನೆ. ಅವನ ಪಾತ್ರೆಯನ್ನು ಕೆಳಗಿಳಿಸಿ, ನಿಮ್ಮ ಚೀಲದಿಂದ ನಿಮ್ಮ ಮನೆಯ ತಪ್ಪಲೆಯನ್ನು ತೆಗೆದು ಅಲ್ಲಿಡಿ. ಅದು ಕುದಿಸಿದರೆ ಬೆಲೆಯ ಮಾತಾಡಿ. ಕುದಿಸದಿದ್ದರೆ ತಪ್ಪಲೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬನ್ನಿ.